ಮಿಲ್ವಾಕಿ ನಗರದ ಶಾಲಾ ಆಯ್ಕೆ ಯೋಜನೆ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಪ್ರಭುತ್ವವು ಶಾಲೆಗಳನ್ನು ತಾನೇ ನಡೆಸಬೇಕೆ ಅಥವಾ ಶಿಕ್ಷಣದ ವೆಚ್ಚವನ್ನು ಮಾತ್ರ ಭರಿಸಿ ಶಾಲೆಯ ಆಯ್ಕೆಯನ್ನು ಪಾಲಕರಿಗೆ ಬಿಡಬೇಕೆ ಎಂಬುದು ಆಧುನಿಕ ಶಿಕ್ಷಣ ಚರಿತ್ರೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಎರಡನೆಯ ಮಾರ್ಗವನ್ನು ಪ್ರತಿಪಾದಿಸಿದರು. ನಿಗದಿತ ಮೊತ್ತದ ವೋಚರನ್ನು ಪಾಲಕರು ತಮಗೆ ಒಪ್ಪಿಗೆಯಾದ ಶಾಲೆಗೆ ಸಲ್ಲಿಸಬಹುದೆಂಬುದು ಅದರ ತಿರುಳು. ಆದರೆ ಅಮೆರಿಕದಲ್ಲಿ ಈ ಬಗೆಯ ನೆರವಿನ ಆರಂಭದ ಬಳಕೆಗೆ ಕಳಂಕವಿತ್ತು. ವರ್ಣಭೇದವಿಲ್ಲದ ಶಾಲೆಗಳನ್ನು ಒಪ್ಪದ ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯು 1959ರಲ್ಲಿ ತನ್ನ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿತು. ಬಿಳಿಯರ ಮಕ್ಕಳು ಶುಲ್ಕಧನದ ನೆರವಿನಿಂದ ಖಾಸಗಿ ಶಾಲೆ ಸೇರಿದರೆ, ಕಪ್ಪು ಜನರ ಮಕ್ಕಳಲ್ಲಿ ಅನೇಕರು ವರ್ಷಗಟ್ಟಲೆ ಶಾಲೆಯಿಲ್ಲದೆ ಉಳಿದರು. 1964ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದನ್ನು ಅಸಾಂವಿಧಾನಿಕವೆಂದು ತೀರ್ಪಿತ್ತಿತು. ಇಂಥ ಹಿನ್ನೆಲೆಯ ಸಾಧನವನ್ನು ಮೂರು ದಶಕಗಳ ತರುವಾಯ ಕಪ್ಪು ಜನರ ಪ್ರತಿನಿಧಿಯೊಬ್ಬರೇ ತಮ್ಮ ಸಮುದಾಯದ ಬಡ ಮಕ್ಕಳಿಗಾಗಿ ಕೇಳಿ ಪಡೆದದ್ದು ಹೇಗೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಮಿಲ್ವಾಕಿಯು ಮಿಷಿಗನ್ ಸರೋವರದ ದಂಡೆಯಲ್ಲಿರುವ ವಿಸ್ಕಾನ್ಸಿನ್ ರಾಜ್ಯದ ಕೈಗಾರಿಕಾ ನಗರ. ಎರಡನೆಯ ಮಹಾಯುದ್ಧದ ಕಾಲದಿಂದ ಕಾರ್ಖಾನೆಗಳ ದುಡಿಮೆಯನ್ನರಸಿ ಬಂದ ಕಪ್ಪು ಜನರು ನಗರದ ಉತ್ತರ ಭಾಗದ ಕೆಲವೇ ಬಡಾವಣೆಗಳಲ್ಲಿ ನೆಲೆಸಬೇಕಾಯಿತು. ವಸತಿಯಂತೆ ಶಾಲೆಗಳೂ ಪ್ರತ್ಯೇಕಗೊಂಡವು. ಇದನ್ನು ವಿರೋಧಿಸಿ 1964ರಲ್ಲಿ ಶಾಲಾ ಬಹಿಷ್ಕಾರ ನಡೆಯಿತು. ವಕೀಲ ಲಾಯ್ಡ್ ಬಾರ್ಬಿಯವರು 1965ರಲ್ಲಿ ದಾವೆ ಹೂಡಿದರು. 1976ರಲ್ಲಿ ನ್ಯಾಯಾಧೀಶ ಜಾನ್ ರೆನಾಲ್ಡ್ಸ್ ಅವರ ತೀರ್ಪಿನಿಂದ ಶಾಲೆಗಳ ಏಕೀಕರಣ ಆರಂಭವಾಯಿತಾದರೂ, ಬಸ್ಸುಗಳಲ್ಲಿ ದೂರದ ಶಾಲೆಗಳಿಗೆ ಪ್ರಯಾಣಿಸುವ ಹೊರೆ ಬಹುಮಟ್ಟಿಗೆ ಕಪ್ಪು ಮಕ್ಕಳ ಮೇಲೆಯೇ ಬಿದ್ದಿತು. ತಮ್ಮ ಬಡಾವಣೆಯ ಶಾಲೆಗಳು ತಮ್ಮ ಹಿಡಿತದಲ್ಲಿರಬೇಕೆಂಬ ಬೇಡಿಕೆ ಈ ಅಸಮಾಧಾನದಿಂದ ಬಲಗೊಂಡಿತು. ಹೊವರ್ಡ್ ಫುಲ್ಲರ್ ಮತ್ತು ಶಾಸಕಿ ಪಾಲಿ ವಿಲಿಯಮ್ಸ್ ಇದರ ಮುಂದಾಳುಗಳು. ಕಪ್ಪು ಜನರ ಬಡಾವಣೆಗಳಿಗೆ ಪ್ರತ್ಯೇಕ ಶಾಲಾ ಜಿಲ್ಲೆ ಬೇಕೆಂದು 1980ರ ದಶಕದ ಕೊನೆಯಲ್ಲಿ ಮುಂದಿಟ್ಟ ಪ್ರಸ್ತಾವ ಈಡೇರಲಿಲ್ಲ. ಇದೇ ವೇಳೆಗೆ, ಕ್ಯಾಥೊಲಿಕ್ ಚರ್ಚುಗಳು ಕೈಬಿಟ್ಟ ಶಾಲೆಗಳನ್ನು ವಹಿಸಿಕೊಂಡು ಸ್ಥಳೀಯರೇ ನಡೆಸುತ್ತಿದ್ದ ಅರ್ಬನ್ ಡೇ, ಹರಾಂಬಿ ಮೊದಲಾದ ಸಮುದಾಯ ಶಾಲೆಗಳು ಹಣದ ಅಭಾವದಿಂದ ಬಳಲುತ್ತಿದ್ದವು. ಯೋಜನೆಯ ಬೇರು ಇರುವುದು ಇಲ್ಲಿ.

ಯೋಜನೆಯ ಸ್ವರೂಪ

ಡೆಮಾಕ್ರಟಿಕ್ ಪಕ್ಷದ ವಿಲಿಯಮ್ಸ್ ಹಾಗೂ ರಿಪಬ್ಲಿಕನ್ ಪಕ್ಷದ ರಾಜ್ಯಪಾಲ ಟಾಮಿ ಥಾಂಪ್ಸನ್ ಅವರ ಅಪರೂಪದ ಮೈತ್ರಿಯಿಂದ 1990ರಲ್ಲಿ ಕಾನೂನು ಜಾರಿಗೆ ಬಂದಿತು. ಕುಟುಂಬದ ಆದಾಯ ಸಂಯುಕ್ತ ಸರ್ಕಾರದ ಬಡತನ ರೇಖೆಯ ಶೇ. 175ನ್ನು ಮೀರಬಾರದು, ಫಲಾನುಭವಿಗಳ ಸಂಖ್ಯೆ ನಗರದ ಸಾರ್ವಜನಿಕ ಶಾಲೆಗಳ ವಿದ್ಯಾರ್ಥಿಗಳ ಶೇ. 1ನ್ನು ದಾಟಬಾರದು, ಧಾರ್ಮಿಕ ಶಾಲೆಗಳಿಗೆ ಪ್ರವೇಶವಿಲ್ಲ, ಅರ್ಜಿಗಳು ಸ್ಥಾನಗಳಿಗಿಂತ ಹೆಚ್ಚಾದರೆ ಚೀಟಿ ಎತ್ತಿ ಆರಿಸಬೇಕು ಎಂಬಿವು ಮುಖ್ಯ ನಿಬಂಧನೆಗಳಾಗಿದ್ದವು. ಮೊದಲ ವರ್ಷ ತಲಾ 2,446 ಡಾಲರಿನಂತೆ ಸುಮಾರು 340 ಮಕ್ಕಳು ಏಳು ಶಾಲೆಗಳನ್ನು ಸೇರಿದರು. ಆ ಏಳರಲ್ಲಿ ಒಂದು ಶಾಲೆ ಆ ವರ್ಷವೇ ಮುಚ್ಚಿಹೋದದ್ದು ಗಮನಾರ್ಹ.

ನ್ಯಾಯಾಲಯಗಳಲ್ಲಿ

ರಾಜ್ಯದ ಶಿಕ್ಷಣಾಧಿಕಾರಿ ಹರ್ಬರ್ಟ್ ಗ್ರೋವರ್ ಹಾಗೂ ಶಿಕ್ಷಕರ ಸಂಘಟನೆಗಳು ಯೋಜನೆಯನ್ನು ವಿರೋಧಿಸಿದವು. 1992ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 4–3ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. 1995ರ ತಿದ್ದುಪಡಿಯು ಧಾರ್ಮಿಕ ಶಾಲೆಗಳನ್ನೂ ಒಳಗೊಂಡಾಗ ವಿವಾದ ತೀವ್ರವಾಯಿತು. ಹಣದ ಚೆಕ್ ಪಾಲಕರ ಹೆಸರಿನಲ್ಲಿದ್ದು, ಅವರ ಸಹಿಯಿಂದ ಶಾಲೆಗೆ ಸಲ್ಲುವ ವ್ಯವಸ್ಥೆ ಇಲ್ಲಿ ಕಾನೂನಿನ ದೃಷ್ಟಿಯಿಂದ ಮಹತ್ವ ಪಡೆಯಿತು. ಹಣವು ಧಾರ್ಮಿಕ ಸಂಸ್ಥೆಗೆ ತಲುಪುವುದು ಸರ್ಕಾರದ ನಿರ್ಧಾರದಿಂದಲ್ಲ, ಪಾಲಕರ ಆಯ್ಕೆಯಿಂದ ಎಂಬ ವಾದಕ್ಕೆ ಅದು ಆಧಾರವಾಯಿತು. 1998ರಲ್ಲಿ ರಾಜ್ಯ ನ್ಯಾಯಾಲಯ ತಿದ್ದುಪಡಿಯನ್ನು ಮಾನ್ಯಮಾಡಿತು. ಒಂದೇ ವರ್ಷದಲ್ಲಿ ಫಲಾನುಭವಿಗಳು ಸುಮಾರು 1,500ರಿಂದ 6,000ಕ್ಕೇರಿದರು. ಕ್ಲೀವ್‌ಲ್ಯಾಂಡ್ ನಗರದ ಇಂಥದೇ ಯೋಜನೆಯನ್ನು 2002ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 5–4ರ ಬಹುಮತದಿಂದ ಒಪ್ಪಿದ ಮೇಲೆ ಈ ವಾದ ರಾಷ್ಟ್ರವ್ಯಾಪಿ ಮನ್ನಣೆ ಗಳಿಸಿತು.

ಫಲಿತಾಂಶಗಳು

ಮಕ್ಕಳ ಕಲಿಕೆ ಸುಧಾರಿಸಿತೆ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರಾಜ್ಯವೇ ನೇಮಿಸಿದ್ದ ಜಾನ್ ವಿಟ್ಟೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜೇ ಗ್ರೀನ್, ಪಾಲ್ ಪೀಟರ್‌ಸನ್ ಮೊದಲಾದವರು ಅದೇ ಮಾಹಿತಿಯಿಂದ ಪ್ರಗತಿಯನ್ನು ಗುರುತಿಸಿದರು. ಸಿಸಿಲಿಯಾ ರೌಸ್ 1998ರ ಅಧ್ಯಯನದಲ್ಲಿ ಗಣಿತದಲ್ಲಿ ಪ್ರಗತಿಯನ್ನು ಕಂಡರೂ ಓದಿನಲ್ಲಿ ಕಾಣಲಿಲ್ಲ. ಪ್ಯಾಟ್ರಿಕ್ ವುಲ್ಫ್ ಅವರ ತಂಡದ ನಂತರದ ಅಧ್ಯಯನವು ಪರೀಕ್ಷಾಂಕಗಳಲ್ಲಿ ಹೆಚ್ಚು ಭೇದವಿಲ್ಲದಿದ್ದರೂ ಪ್ರೌಢಶಿಕ್ಷಣವನ್ನು ಪೂರೈಸುವವರ ಪ್ರಮಾಣ ತುಸು ಹೆಚ್ಚೆಂದು ತೋರಿಸಿತು.

ಶಾಲೆಗಳ ಅಸ್ಥಿರತೆಗೆ ಸಂಬಂಧಿಸಿದ ಸಂಗತಿ ಇದಕ್ಕಿಂತ ಸ್ಪಷ್ಟವಾಗಿದೆ. ಆರಂಭದಿಂದ 2015ರವರೆಗೆ ಭಾಗವಹಿಸಿದ ಖಾಸಗಿ ಶಾಲೆಗಳಲ್ಲಿ ಶೇ. 41ರಷ್ಟು ವಿಫಲವಾದವೆಂದು ಮೈಕೆಲ್ ಫೋರ್ಡ್ ಮತ್ತು ಫ್ರೆಡ್ರಿಕ್ ಆಂಡರ್ಸನ್ ಲೆಕ್ಕಹಾಕಿದ್ದಾರೆ. ಮುಚ್ಚಿದ ಪ್ರತಿಯೊಂದು ಶಾಲೆಯ ಮಕ್ಕಳೂ ಮತ್ತೊಂದು ಶಾಲೆಯನ್ನು ಹುಡುಕಬೇಕಾಗಿತ್ತು. ದುರ್ಬಲ ಶಾಲೆಗಳು ತಾವಾಗಿ ಮರೆಯಾಗುತ್ತವೆಂಬುದು ಸಿದ್ಧಾಂತದ ದೃಷ್ಟಿಯಲ್ಲಿ ಗುಣವೇ ಆದರೂ, ಅದರ ಬೆಲೆ ತೆತ್ತವರು ಯಾರಿಗಾಗಿ ಯೋಜನೆ ಹುಟ್ಟಿತೋ ಆ ಕುಟುಂಬಗಳೇ. 2006ರ ಕಾನೂನು ಶಾಲೆಗಳಿಗೆ ಮಾನ್ಯತೆಯನ್ನು ಕಡ್ಡಾಯಗೊಳಿಸಿತು. ಅದೇ ಕಾನೂನು ಫಲಾನುಭವಿಗಳ ಮಿತಿಯನ್ನು 22,500ಕ್ಕೆ ಏರಿಸಿತು.

ಉಪಸಂಹಾರ

2011ರಲ್ಲಿ ರಾಜ್ಯಪಾಲ ಸ್ಕಾಟ್ ವಾಕರ್ ಆದಾಯ ಮಿತಿಯನ್ನೇ ತೆಗೆದುಹಾಕುವ ಪ್ರಸ್ತಾವ ತಂದಾಗ ಅದನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಫುಲ್ಲರ್ ಕೂಡ ಒಬ್ಬರು. ಅಂತಿಮವಾಗಿ ಮಿತಿ ಬಡತನ ರೇಖೆಯ ಶೇ. 300ಕ್ಕೆ ಏರಿತು, ಸಂಖ್ಯಾಮಿತಿ ರದ್ದಾಯಿತು. 2013ರಲ್ಲಿ ಯೋಜನೆ ರಾಜ್ಯದಾದ್ಯಂತ ವಿಸ್ತರಿಸಿತು. 2014ರಲ್ಲಿ ನಿಧನರಾದ ವಿಲಿಯಮ್ಸ್ ಅವರೂ ತಮ್ಮ ಕೊನೆಯ ವರ್ಷಗಳಲ್ಲಿ ಈ ವಿಸ್ತರಣೆಯನ್ನು ಟೀಕಿಸಿದ್ದರು. ಅವರಿಗೆ ವೋಚರ್ ಎಂಬುದು ಬೇರೆ ದಾರಿಯಿಲ್ಲದ ಬಡವರಿಗೆ ದೊರೆಯಬೇಕಾದ ಸಾಧನವಾಗಿತ್ತು. ಅವರ ಮಿತ್ರಪಕ್ಷದ ಅನೇಕರಿಗೆ ಅದು ಎಲ್ಲರಿಗೂ ಅನ್ವಯವಾಗಬೇಕಾದ ಮಾರುಕಟ್ಟೆಯ ತತ್ತ್ವವಾಗಿತ್ತು. 1990ರಲ್ಲಿ ಈ ಎರಡು ಉದ್ದೇಶಗಳು ಒಂದೇ ಮಸೂದೆಯಲ್ಲಿ ಕೂಡಿದ್ದರಿಂದ ಯೋಜನೆ ಸಾಧ್ಯವಾಯಿತು. ಅವು ಬೇರ್ಪಟ್ಟಾಗ ಸಂಖ್ಯಾಬಲವಿದ್ದ ಉದ್ದೇಶವೇ ಉಳಿಯಿತು. ಆದ್ದರಿಂದ ಮಿಲ್ವಾಕಿಯ ಚರಿತ್ರೆಯನ್ನು ಕೇವಲ ಪರೀಕ್ಷಾಂಕಗಳಿಂದ ಅಳೆಯದೆ, ಬಡ ಸಮುದಾಯವೊಂದು ತನ್ನ ಶಾಲೆಗಳ ಮೇಲಿನ ಹಿಡಿತಕ್ಕಾಗಿ ನಡೆಸಿದ ದೀರ್ಘ ಹೋರಾಟದ ಭಾಗವಾಗಿಯೂ ನೋಡುವುದು ಅಗತ್ಯ.