ನಲವತ್ತೊಂದು ಖಾಲಿ ಜೇಬು

ಪುಣೆಯ ನಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿ ಒಂದು ದಪ್ಪ ಫೈಲು ಇದೆ. ಒಳಗೆ ಪ್ಲಾಸ್ಟಿಕ್ ಹಾಳೆಗಳು. ಪ್ರತಿ ಹಾಳೆಯಲ್ಲಿ ಒಂಬತ್ತು ಜೇಬು, ಪ್ರತಿ ಜೇಬಿನಲ್ಲಿ ಒಂದು ಬೇಸ್‌ಬಾಲ್ ಕಾರ್ಡು. ಅಮೆರಿಕದ ಟಾಪ್ಸ್ ಕಂಪನಿ 1972ರಲ್ಲಿ ಹೊರತಂದ ಸೆಟ್ ಅದು. ಒಟ್ಟು ಕಾರ್ಡು 787. ನನ್ನ ಬಳಿ 746 ಇವೆ. ಉಳಿದ ನಲವತ್ತೊಂದನ್ನು ಕೊಂಡು ಸೆಟ್ ಮುಗಿಸಬೇಕೋ ಬೇಡವೋ ಎಂಬ ಪ್ರಶ್ನೆ ಹಲವು ವರ್ಷಗಳಿಂದ ನನ್ನ ಜೊತೆಗೇ ಇತ್ತು.

ನನಗೆ ಬೇಸ್‌ಬಾಲ್ ಅಷ್ಟಕ್ಕಷ್ಟೆ. ಆಫೀಸಿನ ಕೆಲಸಕ್ಕೆಂದು ಎರಡು ವರ್ಷ ಪಿಟ್ಸ್‌ಬರ್ಗ್‌ನಲ್ಲಿದ್ದೆ. ಅಲ್ಲಿ ನಾನಿದ್ದ ಮನೆಯ ಮಾಲೀಕರು ಹುಡುಗನಾಗಿದ್ದಾಗ ಕೂಡಿಸಿದ್ದ ಕಾರ್ಡುಗಳಿವು. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುವಾಗ ಫೈಲನ್ನು ನನ್ನ ಕೈಗಿಟ್ಟು, ‘ನಿನಗೆ ಚರಿತ್ರೆ ಇಷ್ಟವಲ್ಲ, ಇದನ್ನು ನೀನು ಪೂರ್ತಿ ಮಾಡು’ ಅಂದರು. ನಾನೂ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಕ್ಕಾಗಿ ಹಲ್ಲು ನೋಯುವಷ್ಟು ಗಮ್ ಅಗಿದವನೇ. ಹೂಂ ಅಂದುಬಿಟ್ಟೆ. ಪ್ರತಿ ಹೊಸ ವರ್ಷಕ್ಕೂ ಅವರ ಇಮೇಲ್ ಬರುತ್ತದೆ, ಕೊನೆಗೆ ಅದೇ ಪ್ರಶ್ನೆ: ಇನ್ನೆಷ್ಟು ಉಳಿದಿದೆ?

ಊರಿಗೆ ಮರಳಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಖಾಲಿ ಜೇಬುಗಳೆಲ್ಲ ಫೈಲಿನ ಕೊನೆಯಲ್ಲೇ ಇವೆ. 656ನೇ ಸಂಖ್ಯೆಯವರೆಗೆ ಒಂದೂ ತಪ್ಪಿಲ್ಲ. ಕಾರಣ ಹುಡುಕುತ್ತಾ ಹೋದಾಗಲೇ ಈ ಕಾರ್ಡುಗಳ ಚರಿತ್ರೆ ತೆರೆದುಕೊಂಡಿತು.

ಆಗ ಟಾಪ್ಸ್ ಇಡೀ ಸೆಟ್ಟನ್ನು ಒಂದೇ ಸಲ ಬಿಡುತ್ತಿರಲಿಲ್ಲ. 1972ರ ಸೆಟ್ ಆರು ಕಂತುಗಳಲ್ಲಿ ಬಂತು. ಮೊದಲ ಕಂತು ಆಟದ ಋತು ಆರಂಭವಾಗುವ ಹೊತ್ತಿಗೆ, 657ರಿಂದ 787ರವರೆಗಿನ ಕೊನೆಯ ಕಂತು ಬೇಸಿಗೆ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಶಾಲೆ ಶುರುವಾಗಿರುತ್ತಿತ್ತು, ಮಕ್ಕಳ ಮನಸ್ಸು ಫುಟ್‌ಬಾಲ್ ಕಡೆ ತಿರುಗಿರುತ್ತಿತ್ತು. ಹಳೆಯ ಕಂತೇ ಮಾರಾಟವಾಗದೆ ಉಳಿದಿರುವಾಗ ಅಂಗಡಿಯವರು ಹೊಸದನ್ನು ಕಡಿಮೆ ತರಿಸುತ್ತಿದ್ದರು. ಹಾಗಾಗಿ ದೊಡ್ಡ ಸಂಖ್ಯೆಯ ಕಾರ್ಡುಗಳು ಇಂದಿಗೂ ವಿರಳ. ನಮ್ಮ ಹುಡುಗ ಸೋಮಾರಿಯಾಗಿರಲಿಲ್ಲ, ಅವನ ಬೀದಿಯ ಅಂಗಡಿಗೆ ಮಾಲೇ ಸಾಕಷ್ಟು ಬಂದಿರಲಿಲ್ಲ.

ಇದೇ ಕಂಪನಿಯ 1952ರ ಸೆಟ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. 407 ಕಾರ್ಡುಗಳ ಆ ಸೆಟ್ಟಿನ ಕೊನೆಯ ಕಂತು ತಡವಾಗಿ ಬಂದು ರಾಶಿ ರಾಶಿ ಉಳಿಯಿತು. ವರ್ಷಗಟ್ಟಲೆ ಗೋದಾಮಿನಲ್ಲಿದ್ದ ಆ ಸರಕನ್ನು 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ, ಆ ಕಾರ್ಡುಗಳನ್ನು ರೂಪಿಸಿದ ಸೈ ಬರ್ಜರ್ ಅವರೇ ಮುಂದೆ ಹೇಳಿಕೊಂಡರು. ಆ ಕಂತಿನ ಮೊದಲ ಕಾರ್ಡು 311, ಮಿಕ್ಕಿ ಮ್ಯಾಂಟಲ್. 2022ರಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹರಾಜಾಯಿತು.

ಇದಾದರೂ ವ್ಯಾಪಾರದ ಲೆಕ್ಕ ತಪ್ಪಿದ್ದು ಅನ್ನಬಹುದು. 1933ರ ಗೌಡಿ ಗಮ್ ಕಂಪನಿಯದು ಹಾಗಲ್ಲ. 240 ಕಾರ್ಡು ಎಂದು ಪ್ಯಾಕೆಟ್ ಮಾರಿದ ಬಾಸ್ಟನ್ನಿನ ಆ ಕಂಪನಿ 106ನೇ ಸಂಖ್ಯೆಯನ್ನು ಅಚ್ಚು ಹಾಕಲೇ ಇಲ್ಲ. ಆರ್ಥಿಕ ಮಹಾಕುಸಿತದ ಕಾಲದ ಮಕ್ಕಳು ಸೆಂಟಿಗೆ ಸೆಂಟು ಕೂಡಿಸಿ, ಇಲ್ಲದ ಕಾರ್ಡಿಗಾಗಿ ಗಮ್ ಕೊಳ್ಳುತ್ತಲೇ ಹೋದರು. ದೂರಿನ ಪತ್ರಗಳು ಬಂದ ಮೇಲೆ, 1934ರಲ್ಲಿ ನ್ಯಾಪ್ ಲಾಜೊಯ್ ಎಂಬ ನಿವೃತ್ತ ಆಟಗಾರನ ಚಿತ್ರವನ್ನು 106 ಎಂದು ಅಚ್ಚು ಹಾಕಿ, ಬರೆದು ಕೇಳಿದವರಿಗೆ ಅಂಚೆಯಲ್ಲಿ ಕಳಿಸಿದರು.

ಇದನ್ನು ಓದಿದ ದಿನ ಫೈಲು ಮುಚ್ಚಿಟ್ಟೆ. ಖಾಲಿ ಜೇಬನ್ನು ಕಂಡಾಗ ಆಗುವ ಕಸಿವಿಸಿಯೇ ಯಾರೋ ಲೆಕ್ಕ ಹಾಕಿ ಮಾರಿದ ಸರಕು ಎಂದಮೇಲೆ, ಅದಕ್ಕೆ ನಾನೇಕೆ ಹೆಚ್ಚುಕಡಿಮೆ ಒಂದು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು ತೆರಬೇಕು?

ಮತ್ತೆ ಫೈಲು ತೆಗೆಯುವಂತೆ ಮಾಡಿದ್ದು ನನ್ನಲ್ಲಿಲ್ಲದ ಕಾರ್ಡುಗಳೇ. 751ರಿಂದ 757ರವರೆಗಿನ ಏಳು ಕಾರ್ಡುಗಳ ಮೇಲೆ ಅಡ್ಡಡ್ಡಲಾಗಿ ‘ಟ್ರೇಡೆಡ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅಂದರೆ ಈ ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟಾಗಿದೆ. ಫ್ರಾಂಕ್ ರಾಬಿನ್ಸನ್ 100ನೇ ಕಾರ್ಡಿನಲ್ಲಿ ಬಾಲ್ಟಿಮೋರ್ ತಂಡದವನು. 1971ರ ಡಿಸೆಂಬರಿನಲ್ಲಿ ಅವನನ್ನು ಲಾಸ್ ಏಂಜಲೀಸಿಗೆ ಕಳಿಸಿದರು, 754ನೇ ಕಾರ್ಡು ಆ ಸುದ್ದಿಯನ್ನು ಹೇಳುತ್ತದೆ. ನನ್ನ ಫೈಲಿನಲ್ಲಿ 754 ಇಲ್ಲ. ಹಾಗಾಗಿ ರಾಬಿನ್ಸನ್ ಅಲ್ಲಿ ಇನ್ನೂ ಬಾಲ್ಟಿಮೋರ್ ಬಿಟ್ಟು ಕದಲಿಲ್ಲ.

ವರ್ಗಾವಣೆ ಎಂದರೆ ನಮಗೆ ಹೊಸದೇನಲ್ಲ. ಆದರೆ ಬೇಡವೆನಿಸಿದರೆ ರಾಜೀನಾಮೆ ಕೊಟ್ಟು ಇನ್ನೊಂದು ಕಂಪನಿ ಸೇರುವ ದಾರಿ ನಮಗಿದೆ. ಆಗಿನ ಬೇಸ್‌ಬಾಲ್ ಆಟಗಾರನಿಗೆ ಅದೂ ಇರಲಿಲ್ಲ. ಒಪ್ಪಂದದ ಒಂದು ಷರತ್ತಿನ ಪ್ರಕಾರ ಅವನು ತಂಡದ ಸೊತ್ತು. ಹೇಳಿದ ಊರಿಗೆ ಹೋಗಬೇಕು, ಇಲ್ಲವೇ ಆಟ ಬಿಡಬೇಕು. 1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಫಿಲಡೆಲ್ಫಿಯಾಕ್ಕೆ ಹೋಗಲು ನಿರಾಕರಿಸಿದ, ಮರುವರ್ಷ ಕೋರ್ಟಿಗೆ ಹೋದ. 1972ರ ಜೂನ್ 19ರಂದು, ಅಂದರೆ ನಮ್ಮ ಹುಡುಗ ಪ್ಯಾಕೆಟ್ ಬಿಚ್ಚುತ್ತಿದ್ದ ಅದೇ ಬೇಸಿಗೆಯಲ್ಲಿ, ಸುಪ್ರೀಂ ಕೋರ್ಟು 5–3ರ ಬಹುಮತದಿಂದ ಅವನ ವಿರುದ್ಧ ತೀರ್ಪಿತ್ತಿತು. ಆ ಷರತ್ತು ಮುರಿದುಬಿದ್ದದ್ದು 1975ರ ಡಿಸೆಂಬರಿನಲ್ಲಿ, ಬೇರೆ ಇಬ್ಬರು ಆಟಗಾರರ ದೂರಿನ ಮೇಲೆ ಬಂದ ಮಧ್ಯಸ್ಥಿಕೆಯ ತೀರ್ಪಿನಿಂದ. ಅಷ್ಟರಲ್ಲಿ ಫ್ಲಡ್ ಆಟದಿಂದ ದೂರವಾಗಿದ್ದ.

1972ರ ಸೆಟ್‌ನಲ್ಲಿ ಕರ್ಟ್ ಫ್ಲಡ್ ಕಾರ್ಡು ಇಲ್ಲ. 787 ತುಂಬಿಸಿದರೂ ಅವನು ಬರುವುದಿಲ್ಲ. ಪೂರ್ತಿ ಎನ್ನುವುದು ಕಂಪನಿಯ ಪಟ್ಟಿ ಹೇಳಿದಷ್ಟು ಮಾತ್ರ. ಇದು ಹೊಳೆದ ಮೇಲೆ ವಿಚಿತ್ರವೆಂಬಂತೆ ಮನಸ್ಸು ಹಗುರಾಯಿತು. ಮುಗಿಸಿದರೆ ಏನೋ ಸಾಧಿಸಿದಂತಲ್ಲ, ಮುಗಿಸದಿದ್ದರೆ ಏನೋ ಕಳೆದುಕೊಂಡಂತೆಯೂ ಅಲ್ಲ. ಉಳಿದದ್ದು ಹಿರಿಯರೊಬ್ಬರಿಗೆ ಅಂದ ಹೂಂ ಒಂದೇ. ಅದಕ್ಕಾಗಿ ಕೊಂಡೆ.

ಕಾರ್ಡುಗಳು ಮೂರು ಲಕೋಟೆಗಳಲ್ಲಿ ಬಂದವು. ಒಂದು ಭಾನುವಾರ ಕೂತು ಜೇಬಿಗೆ ಸೇರಿಸಿದೆ. ಕೊನೆಗೆ 604ನೇ ಕಾರ್ಡು ತೆಗೆದೆ. ಅದರಲ್ಲಿ ಆಟಗಾರನಿಲ್ಲ, ಆರನೇ ಕಂತಿನ ಪಟ್ಟಿ ಇದೆ, ಪ್ರತಿ ಹೆಸರಿನ ಮುಂದೆ ಗುರುತು ಹಾಕಲು ಒಂದು ಚಿಕ್ಕ ಚೌಕ. ಹುಡುಗ ಪೆನ್ಸಿಲಿನಿಂದ ತೊಂಬತ್ತು ಗುರುತು ಹಾಕಿದ್ದಾನೆ. ಗೀಚಿದ ಪಟ್ಟಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ನಾನು ಪೆನ್ಸಿಲು ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟೆ. ಆ ನಲವತ್ತೊಂದು ಚೌಕಗಳು ಖಾಲಿಯೇ ಇವೆ. 1972ರಲ್ಲಿ ಆ ಅಂಗಡಿಗೆ ಎಷ್ಟು ಬಂತು, ಆ ಹುಡುಗನಿಗೆ ಎಷ್ಟು ಸಿಕ್ಕಿತು ಎನ್ನುವುದಕ್ಕೆ ಇರುವ ದಾಖಲೆ ಅದೊಂದೇ.

ಈ ಹೊಸ ವರ್ಷಕ್ಕೆ ಇಮೇಲ್ ಬಂದಾಗ ಉತ್ತರ ಬರೆದೆ: ಕಾರ್ಡು ಒಂದೂ ಉಳಿದಿಲ್ಲ, ನಿಮ್ಮ ಪಟ್ಟಿಯಲ್ಲಿ ಮಾತ್ರ ನಲವತ್ತೊಂದು ಬಾಕಿ.