ಇಳಕಲ್ ಸೀರೆಯ ಅಸಲಿತನ

ಇಳಕಲ್ ಸೀರೆಯು ಬಾಗಲಕೋಟೆ ಜಿಲ್ಲೆಯ ಇಳಕಲ್ ಪಟ್ಟಣದ ಹೆಸರು ಹೊತ್ತಿರುವ ಕೈಮಗ್ಗದ ಸೀರೆ. ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಸೇರಿದಂತೆ ಉತ್ತರ ಕರ್ನಾಟಕದ ಬಹುಭಾಗದಲ್ಲಿ ಇದು ಹೆಂಗಸರ ಸಾಂಪ್ರದಾಯಿಕ ಉಡುಗೆಯಾಗಿದೆ. ವಿದ್ಯುತ್ ಮಗ್ಗದ ಅಗ್ಗದ ಅನುಕರಣೆಗಳೂ ಇದೇ ಹೆಸರಿನಲ್ಲಿ ಮಾರಾಟವಾಗುವುದರಿಂದ ಅಸಲಿ ಸೀರೆಯನ್ನು ಗುರುತಿಸುವುದು ಕೊಳ್ಳುವವರಿಗೂ ನೇಕಾರರಿಗೂ ಮುಖ್ಯವಾಗಿದೆ.

ರಚನೆ

ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಕೆಂಪು ಸೆರಗಿನಲ್ಲಿ ಬಿಳಿಯ ವಿನ್ಯಾಸವಿರುತ್ತದೆ. ಜೋಳದ ತೆನೆಯನ್ನು ಹೋಲುವ ಈ ವಿನ್ಯಾಸಕ್ಕೆ ಟೋಪು ತೆನೆ ಎಂದು ಹೆಸರು. ಚಿಕ್ಕಿ, ಗೋಮಿ, ಪರಾಸಪೇಟ ಮತ್ತು ಗಾಡಿ ಇದರ ಪ್ರಸಿದ್ಧ ದಡಿಗಳು. ಒಡಲಿನ ಹಾಸು ಮತ್ತು ಸೆರಗಿನ ಹಾಸನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕಾದ್ದರಿಂದ ಹಾಸನ್ನು ಒಂದೊಂದೇ ಸೀರೆಯ ಅಳತೆಗೆ, ಅಂದರೆ 6, 8 ಅಥವಾ 9 ಗಜಕ್ಕೆ ಹೂಡಲಾಗುತ್ತದೆ. ಉದ್ದನೆಯ ಹಾಸನ್ನು ಎಡೆಬಿಡದೆ ನೇಯುವುದರಿಂದ ಲಾಭ ಪಡೆಯುವ ವಿದ್ಯುತ್ ಮಗ್ಗಕ್ಕೆ ಈ ಕ್ರಮ ಒಗ್ಗುವುದಿಲ್ಲ.

ಗುರುತಿಸುವ ಬಗೆ

* ಕೊಂಡಿ: ಒಡಲು ಮತ್ತು ಸೆರಗು ಕೂಡುವಲ್ಲಿ ಸಣ್ಣ ಕೊಂಡಿಗಳ ಸಾಲು ಕಾಣಬೇಕು. ಕೊಂಡಿಯಿಲ್ಲದ ಸಾದಾ ಕೈಮಗ್ಗದ ಸೀರೆಗಳೂ ಇರುವುದರಿಂದ, ಕೊಂಡಿ ಇಲ್ಲವೆಂಬ ಒಂದೇ ಕಾರಣಕ್ಕೆ ಸೀರೆಯನ್ನು ನಕಲಿ ಎನ್ನಲಾಗದು.
* ಸೆರಗಿನ ಬಣ್ಣ: ಕೊಂಡಿ ಹಾಕಿದ ಸೆರಗಿನಲ್ಲಿ ಹಾಸು, ಹೊಕ್ಕು ಎರಡೂ ಕೆಂಪಾಗಿದ್ದು ಬಣ್ಣ ಗಾಢವಾಗಿರುತ್ತದೆ. ಒಂದೇ ಹಾಸಿನ ಮೇಲೆ ಹೊಕ್ಕನ್ನಷ್ಟೇ ಬದಲಿಸಿದ ಅನುಕರಣೆಯಲ್ಲಿ ಕೆಂಪಿನೊಳಗೆ ಒಡಲಿನ ಬಣ್ಣ ಬೆರೆತಿರುತ್ತದೆ.
* ನೂಲು: ಸೆರಗಿನಿಂದ ತೆಗೆದ ಒಂದೆಳೆಯನ್ನು ಸುಟ್ಟಾಗ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಈ ಪರೀಕ್ಷೆ ನೂಲನ್ನು ತಿಳಿಸುತ್ತದೆಯೇ ಹೊರತು ಮಗ್ಗವನ್ನಲ್ಲ. ಕೈಮಗ್ಗದ ಸೀರೆಗಳಲ್ಲಿಯೂ ಕೃತಕ ರೇಷ್ಮೆಯ ಬಳಕೆಯುಂಟು.
* ಕಸೂತಿ: ಇಳಕಲ್ ಸೀರೆಯ ಮೇಲೆ ಹಾಕುವ ಕಸೂತಿಯಲ್ಲಿ ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯಲಾಗುತ್ತದೆ. ಗವಂತಿ ಮತ್ತು ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಯಂತ್ರದ ಹೊಲಿಗೆ ಅಥವಾ ಅಚ್ಚನ್ನು ಹಿಂಬದಿ ನೋಡಿದರೆ ಗುರುತಿಸಬಹುದು.

ಕಾನೂನಿನ ರಕ್ಷಣೆ

1985ರ ಕೈಮಗ್ಗ ಮೀಸಲಾತಿ ಕಾಯಿದೆಯು ಕೆಲವು ಬಗೆಯ ಸೀರೆಗಳೂ ಸೇರಿದಂತೆ ನಿರ್ದಿಷ್ಟ ಬಟ್ಟೆಗಳ ಉತ್ಪಾದನೆಯನ್ನು ಕೈಮಗ್ಗಕ್ಕೆ ಮೀಸಲಿರಿಸಿದೆ. ಇಳಕಲ್ ಸೀರೆಗೆ 1999ರ ಭೌಗೋಳಿಕ ಸೂಚಕಗಳ ಕಾಯಿದೆಯಡಿ ನೋಂದಣಿ ದೊರೆತಿದೆ. ಕೈಮಗ್ಗದ ಬಟ್ಟೆಗಳನ್ನು ಗುರುತಿಸಲು ಕೇಂದ್ರ ಸರ್ಕಾರವು 2006ರಲ್ಲಿ ಕೈಮಗ್ಗ ಮುದ್ರೆಯನ್ನು ಜಾರಿಗೆ ತಂದಿತು.

ಅನುಕರಣೆಯ ಪರಿಣಾಮ

ಕೊಂಡಿ ಹಾಕುವುದು, ಹಾಸು ಹೂಡುವುದು, ನೂಲು ಸುತ್ತುವುದು ಮೊದಲಾದ ಕೆಲಸಗಳಲ್ಲಿ ನೇಕಾರ ಕುಟುಂಬದ ಹೆಂಗಸರ ಪಾಲು ದೊಡ್ಡದು. ಈ ದುಡಿಮೆಯನ್ನು ಬಿಟ್ಟು ತಯಾರಾದ ಅನುಕರಣೆಯು ಕಡಿಮೆ ಬೆಲೆಗೆ ದೊರೆಯುತ್ತದೆ. ಅದು ಅಸಲಿಯ ಹೆಸರಿನಲ್ಲಿ ಮಾರಾಟವಾದಾಗ ಕೊಳ್ಳುವವರು ಹೆಚ್ಚು ಬೆಲೆ ತೆರುತ್ತಾರೆ, ಕೈಮಗ್ಗದ ನೇಕಾರರು ಕೂಲಿ ಕಳೆದುಕೊಳ್ಳುತ್ತಾರೆ.