ತದ್ರೂಪಿ ಪ್ರಾಣಿಗಳ ಮಾಂಸ: ಗ್ರಾಹಕರ ಆತಂಕಗಳು

ತದ್ರೂಪಿ (ಕ್ಲೋನ್) ದನ, ಹಂದಿ ಹಾಗೂ ಮೇಕೆಗಳ ಮಾಂಸ ಮತ್ತು ಹಾಲು ಸಾಮಾನ್ಯ ಪ್ರಾಣಿಗಳದ್ದರಷ್ಟೇ ಸುರಕ್ಷಿತವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರ ಜನವರಿಯಲ್ಲಿ ಪ್ರಕಟಿಸಿತು. ಸಾಕಷ್ಟು ಮಾಹಿತಿ ಇಲ್ಲದ ಕಾರಣ ಕುರಿಯನ್ನು ಈ ತೀರ್ಮಾನದಲ್ಲಿ ಸೇರಿಸಲಿಲ್ಲ. ಪ್ರಸಿದ್ಧ ತದ್ರೂಪಿ 'ಡಾಲಿ' ಕುರಿಯೇ ಆಗಿತ್ತೆಂಬುದು ಗಮನಾರ್ಹ.

ಆದಾಗ್ಯೂ ಗ್ರಾಹಕರ ಆತಂಕ ನಿವಾರಣೆಯಾಗಿರುವುದಿಲ್ಲ. ತದ್ರೂಪಿ ಪ್ರಾಣಿಯು ದುಬಾರಿಯಾದುದರಿಂದ ಅದನ್ನು ಮುಖ್ಯವಾಗಿ ತಳಿ ಸಂವರ್ಧನೆಗೆ ಬಳಸಲಾಗುತ್ತದೆ. ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಅದರ ಸಂತತಿಯ ಮಾಂಸ. ಸದರಿ ಆಡಳಿತವು ಇದಕ್ಕೆ ಪ್ರತ್ಯೇಕ ಲೇಬಲ್ ಕಡ್ಡಾಯಗೊಳಿಸಿರುವುದಿಲ್ಲ. ಬ್ರಿಟನ್ನಿನಲ್ಲಿ ತದ್ರೂಪಿ ಹಸುವಿನ ಸಂತತಿಯಾದ ಹೋರಿಯೊಂದನ್ನು 2009ರಲ್ಲಿ ವಧಿಸಿ ಮಾಂಸವನ್ನು ಮಾರಲಾಗಿತ್ತು. ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆಯು ಈ ವಿಷಯವನ್ನು ಪ್ರಕಟಿಸಿದ್ದು 2010ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಜನರು ಅದನ್ನು ತಿಂದಾಗಿತ್ತು. ಇಂತಹ ಮಾಂಸವನ್ನು ನೋಟದಿಂದಾಗಲೀ ರುಚಿಯಿಂದಾಗಲೀ ಗುರುತಿಸಲಾಗದು. ಆದುದರಿಂದಲೇ ಲೇಬಲ್ ಬೇಕೆಂಬ ಬೇಡಿಕೆಯು ನ್ಯಾಯಯುತವಾಗಿರುತ್ತದೆ.